ಎರಡು ಬೀಗದ ಗೇಟು

ಆ ಲಾರಿಯನ್ನು ತಡೆದವಳು ನಾನು ಎಂದು ಊರಲ್ಲಿ ಈಗ ಎಲ್ಲರೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಮೊದಲು ಅಡ್ಡ ನಿಂತದ್ದು ನಮ್ಮ ಎಮ್ಮೆ.

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ, ಟಾರು ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ ಊರು ನಮ್ಮದು. ನಾನು ಹುಟ್ಟಿದ್ದು ಗುಂಡ್ಲುಪೇಟೆಯಲ್ಲಿ, ಈರುಳ್ಳಿ ಮಂಡಿ ಇಟ್ಟುಕೊಂಡಿದ್ದವರ ಮನೆಯಲ್ಲಿ. ಕೇರಳದ ಕಡೆ ಹೋಗುವ ಲಾರಿಗಳ ಹಾರ್ನ್ ಕೇಳುತ್ತ, ಅಪ್ಪ ವ್ಯಾಪಾರಿಗಳ ಜೊತೆ ಚೌಕಾಸಿ ಮಾಡುವುದನ್ನು ನೋಡುತ್ತ ಬೆಳೆದವಳು. ಮದುವೆಯಾಗಿ ಇಲ್ಲಿಗೆ ಬಂದಾಗ ಈ ಊರಿನ ಸದ್ದಿಲ್ಲದ ಬೆಳಗುಗಳಿಗೆ ಹೆದರಿದ್ದೆ. ಧೈರ್ಯ ಕೊಟ್ಟದ್ದು ಕೆರೆ. ಬಟ್ಟೆ ಒಗೆಯಲು ಹೋದರೆ ಅಲ್ಲಿ ಹತ್ತು ಜನ ಹೆಂಗಸರು, ಹತ್ತು ಮನೆಯ ಸುದ್ದಿ. ಸೊಸೆಯಾಗಿ ಬಂದವಳು ಊರಿನವಳಾದದ್ದು ಆ ಕೆರೆಯ ಕಲ್ಲುಗಳ ಮೇಲೆ.

ನಾನು ಪಂಚಾಯಿತಿ ಮೆಂಬರಾದ ವರ್ಷವೇ ಆ ಕೆರೆ ಕೆಡತೊಡಗಿತು. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಗಿತ್ತು. “ಸೈನ್ ಆಕದು ನೀನು, ಓಡಾಡದು ನಿನ್ ಗಂಡ, ಅಷ್ಟೇಯ” ಎಂದು ಹೇಳಿ ಪಂಚಾಯಿತಿ ಅಧ್ಯಕ್ಷರೇ ನನ್ನನ್ನು ನಿಲ್ಲಿಸಿದ್ದರು. ಗೆದ್ದ ಮೇಲೆ ನೋಡಿದರೆ ನಮ್ಮ ಯಜಮಾನರಿಗೆ ಓಡಾಟ ಒಗ್ಗದು. “ನಂಗ ಅರಿಸಿನದ ಗೇಮೆನೇ ಸಾಕಾಗದ. ನೀನೇ ಓಗು” ಎಂದುಬಿಟ್ಟರು. ಹಾಗೆ ನಾನೇ ಮೀಟಿಂಗುಗಳಿಗೆ ಹೋಗತೊಡಗಿದೆ. ಎಲ್ಲಿ ಹೋದರೂ ಹೆಂಗಸರು ಕೇಳುತ್ತಿದ್ದದ್ದು ಒಂದೇ ಮಾತು: ಕೆರೆ ಯಾಕೆ ನಾರುತ್ತಿದೆ?

ಮೊದಲು ಏರಿಯ ಮೂಲೆಯಲ್ಲಿ ಕಪ್ಪು ಕೆನೆ ಕಟ್ಟಿತು. ಆಮೇಲೆ ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ಈಜಲು ಇಳಿದ ಮಕ್ಕಳಿಗೆ ಮೈಯೆಲ್ಲ ಕಡಿತ. ದನ ನೀರಿನವರೆಗೆ ಹೋಗಿ ಮೂಸಿ ಹಿಂದಕ್ಕೆ ಬರುತ್ತಿದ್ದವು. ಗೊಬ್ಬರದ ನೀರು ಇಳಿದಿದೆ ಎಂದು ಕೆಲವರು, ಯಾರೋ ವಿಷ ಹಾಕಿದ್ದಾರೆ ಎಂದು ಕೆಲವರು. ಬಂಡಿ ದಾರಿಯಲ್ಲಿ ಲಾರಿ ಟೈರಿನ ಗುರುತು ಕಂಡಿದ್ದರೂ ಮಣ್ಣು ಹೊಡೆಯುವವರದ್ದಿರಬೇಕು ಎಂದು ಯಾರೂ ತಲೆಗೆ ಹಾಕಿಕೊಂಡಿರಲಿಲ್ಲ.

ಅದು ಚಳಿಗಾಲ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಎಮ್ಮೆ ಗೂಟ ಕಿತ್ತುಕೊಂಡು ಕೆರೆಯ ಕಡೆ ಹೊರಟಿತ್ತು. ಪಕ್ಕದವರ ಜೋಳದ ಹೊಲಕ್ಕೆ ನುಗ್ಗಿದರೆ ದಿನವಿಡೀ ಜಗಳ ಎಂದು ಹಿಂದೆಯೇ ಓಡಿದೆ. ಕೆರೆ ಏರಿಗೆ ಹೋಗುವ ಬಂಡಿ ದಾರಿಯಲ್ಲಿ ಅದು ಅಡ್ಡಲಾಗಿ ನಿಂತಿತ್ತು. ಅದರ ಎದುರಿಗೆ ಒಂದು ಟ್ಯಾಂಕರ್ ಲಾರಿ. ಲೈಟು ಆರಿಸಿದ್ದರು. ಡ್ರೈವರ್ ಮೆಲ್ಲಗೆ, ಯಾರಿಗೂ ಕೇಳಿಸಬಾರದು ಎಂಬಂತೆ ಹಾರ್ನ್ ಒತ್ತುತ್ತಿದ್ದ. ಎಮ್ಮೆ ಕಿವಿಯನ್ನೂ ಅಲ್ಲಾಡಿಸಲಿಲ್ಲ.

“ಅಕ್ಕಾ, ಎಮ್ಮನ ಒಸಿ ಆಚ್ಗ ಇಡ್ಕಳಿ. ಟೇಮಾಯ್ತದ.”

“ಏನ್ ತುಂಬ್ಕ ಬಂದಿದ್ದೈ?”

“ನೀರು ಕಣಕ್ಕ.”

“ನೀರು ಇಂಗ್ ನಾರ್ತದಾ?”

ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಕಪ್ಪು ಕೆನೆ, ಟೈರಿನ ಗುರುತು, ಮಕ್ಕಳ ಮೈಕಡಿತ. ಪಟ್ಟಣದ ಮನೆಗಳ ಕಕ್ಕಸು ಗುಂಡಿ ತುಂಬಿದಾಗ ಪೈಪು ಹಾಕಿ ಎಳೆದುಕೊಂಡು ಹೋಗುವ ಲಾರಿ ಅದು. ಎಳೆದದ್ದನ್ನು ಎಲ್ಲಿಗೆ ಒಯ್ಯುತ್ತಾರೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ನಾನು ಎಮ್ಮೆಯ ಹಗ್ಗ ಎತ್ತಿಕೊಂಡು, ಲಾರಿಯ ಬಂಪರಿಗೆ ಬಿಗಿಯಾಗಿ ಕಟ್ಟಿ, ಊರಿಗೆ ಕೇಳುವಂತೆ ಕೂಗಿಕೊಂಡೆ.

ಜನ ಸೇರಿದರು. ಹುಡುಗರು ಬಾಗಿಲು ಎಳೆದು “ಇಳೀಲಾ ಕೆಳಕ್ಕ!” ಎಂದು ಅವನ ಕಾಲರ್ ಹಿಡಿದರು. ಅಧ್ಯಕ್ಷರು ಬಂದರು. ನಮ್ಮ ಅತ್ತೆಯೂ ಕೋಲೂರಿಕೊಂಡು ಬಂದರು. ಸಣ್ಣ ಆಳು, ಹಣೆ ತುಂಬ ವಿಭೂತಿ, ಬಾಯಿ ಮಾತ್ರ ದೊಡ್ಡದು. ಡ್ರೈವರ್ ಕೈ ಮುಗಿದುಕೊಂಡು ನಿಂತಿದ್ದ. ಓಡಲು ನೋಡಲಿಲ್ಲ.

“ಒಡೀರಣ್ಣ, ಬ್ಯಾಡ ಅನ್ನಲ್ಲ. ಆದ್ರ ಇದ ಎಲ್ಲಿಗ್ ಸುರೀಲಿ ಅಂತ ಯೋಳ್ಬುಟ್ಟು ಒಡೀರಿ. ದಿನಾ ಕರೀತರ. ಪಿಟ್ ತುಂಬದ, ಬಾ ಅಂತರ. ತುಂಬ್ಕ ಓಗು ಅಂತರ. ಎಲ್ಲಿಗ್ ಓಗು ಅಂತ ಒಬ್ರೂ ಯೋಳಲ್ಲ.”

ಹಿಡಿದ ಕಾಲರನ್ನು ಹುಡುಗರು ಬಿಡಲಿಲ್ಲ, ಆದರೆ ಎತ್ತಿದ ಕೈಗಳು ಇಳಿದವು. ಅಧ್ಯಕ್ಷರೇ ದಾರಿ ಹೇಳಿಕೊಟ್ಟರು. “ಕಾಡ್ ಕಡೀಕ್ ತಕ್ಕ ಓಗ್ಲಾ. ಗುಂಡ್ಲುಪೇಟ ಆಚ್ಗ ಮದ್ದೂರ್ ತಾವೋ ಪುಣಜನೂರ್ ತಾವೋ ಸುರ್ದ್ಬುಡು. ಅಲ್ಲೇನ್ ಆನ ಬಂದ್ ಕೇಳ್ತದಾ?”

ಜನ ನಕ್ಕರು. ಅತ್ತೆ ನಗಲಿಲ್ಲ. “ಪುಣಜನೂರ್ಗ ನನ್ ಮಗಳ ಕೊಟ್ಟಿವ್ನಿ ಕಣಪ್ಪ. ಅವಳ ಬಾಗಲ್ ಮುಂದಕ ಸುರ್ಸಿಯಾ?”

ನಗು ನಿಂತುಹೋಯಿತು. ಆಗ ನನ್ನ ಬಾಯಿಂದ ಬಂತು. “ಎಲ್ಲಿಂದ ಬಂತೋ ಅಲ್ಲಿಗೇ ಓಗಲಿ. ಅವರ್ದು ಅವರ್ಗೇ ಕೊಟ್ಬುಡನ. ನಡೀರಿ, ಓಗನ.”

ಎಮ್ಮೆಯನ್ನು ಬಿಚ್ಚಿ ಮನೆಗೆ ಕಳಿಸಿದ ಮೇಲೆ ಕೆಲವರು ಬೈಕಿನಲ್ಲಿ, ಕೆಲವರು ಟೆಂಪೋದಲ್ಲಿ ಹೊರಟರು. ಡ್ರೈವರ್ ದಾರಿಯಲ್ಲಿ ತಪ್ಪಿಸಿಕೊಂಡರೆ ಎಂದು ನಾನು ಲಾರಿಯಲ್ಲೇ ಕೂತೆ. “ನಾನೂ ಬತ್ತಿನಿ” ಎಂದು ಅತ್ತೆಯೂ ಹತ್ತಿದರು. ಕ್ಯಾಬಿನ್ನಿನಲ್ಲಿ ಮಾದಪ್ಪನ ಫೋಟೋ, ಅದರ ಮುಂದೆ ಊದುಬತ್ತಿ. ಒಳಗೆ ನಾತವೇ ಇರಲಿಲ್ಲ. ಲಾರಿಯನ್ನು ಅವನು ಅಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದ. ಅತ್ತೆ ಸುಮ್ಮನಿರುವವರಲ್ಲ. ಮಕ್ಕಳೆಷ್ಟು ಎಂದು ಕೇಳಿದರು. ಇಬ್ಬರು ಹೆಣ್ಣುಮಕ್ಕಳು, ಓದುತ್ತಿದ್ದಾರೆ. ಅಪ್ಪ ಕುಡಿಯುವ ನೀರಿನ ಟ್ಯಾಂಕರ್ ಓಡಿಸುತ್ತಾನೆ ಎಂದು ಅವರಿಗೆ ಹೇಳಿದ್ದಾನೆ.

“ಬೆಳಗಿನ್ ಜಾವ ಯಾಕ್ ಬಂದಯ್ಯಾ, ಕಳ್ಳನಂಗ?” ಎಂದು ಅತ್ತೆ ಕೇಳಿದರು.

“ಅಗಲೊತ್ತು ಕಂಡ್ರ ಕಲ್ಲೊಡೀತರ ಅವ್ವ.”

ಅತ್ತೆ ಮಾದಪ್ಪನ ಫೋಟೋಕ್ಕೆ ಕೈ ಮುಗಿದರು.

ಅದು ಯಾವ ಪಟ್ಟಣ, ಯಾವ ಕಚೇರಿ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಆಗ ಅಲ್ಲಿದ್ದವರು ಈಗಿಲ್ಲ. ಈಗಿರುವವರ ಜೊತೆ ನನಗೆ ಒಳ್ಳೆಯ ಮಾತುಕತೆಯಿದೆ. ನಾವು ಹೋಗುವ ಹೊತ್ತಿಗೆ ಕಚೇರಿ ಬಾಗಿಲು ತೆಗೆಯುತ್ತಿದ್ದರು. ಲಾರಿಯನ್ನು ಗೇಟಿಗೆ ಸರಿಯಾಗಿ ನಿಲ್ಲಿಸಿ ನಾವು ಸುತ್ತ ನಿಂತೆವು. ಬಿಸಿಲೇರಿದಂತೆ ವಾಸನೆಯೂ ಏರಿತು. ಎದುರಿನ ಟೀ ಅಂಗಡಿಯವನು ಬಾಗಿಲು ಹಾಕಿಕೊಂಡ. ಕಚೇರಿಯ ಸಾಹೇಬರು ಕರ್ಚೀಫು ಮೂಗಿಗೆ ಹಿಡಿದುಕೊಂಡೇ ಹೊರಗೆ ಬಂದರು.

“ಏನ್ರೀ ಇದು? ಇದನ್ನ ಇಲ್ಲಿ ಯಾಕೆ ತಂದ್ರಿ?”

“ನಿಮ್ಮೂರ್ದು ಸಾರ್. ದಾರಿ ತಪ್ಪಿ ನಮ್ಮೂರ್ಗ ಬಂದ್ಬುಟ್ಟಿತ್ತು. ವಾಪಸ್ ತಂದಿವಿ” ಎಂದೆ.

ಹಿಂದೆ ನಿಂತ ಜನ ಹೋ ಎಂದು ನಕ್ಕರು. ಸಾಹೇಬರ ಮುಖ ಕೆಂಪಾಯಿತು. ಲಾರಿ ಸೀಜ್ ಮಾಡಿಸುತ್ತೇನೆ, ಡ್ರೈವರ್ ಮೇಲೆ ಕೇಸ್ ಹಾಕಿಸುತ್ತೇನೆ ಎಂದರು. ಡ್ರೈವರ್ ನನ್ನ ಮುಖ ನೋಡಿದ. ಅವನನ್ನು ಹಿಡಿದುಕೊಟ್ಟವಳೇ ನಾನು. ಅಷ್ಟಕ್ಕೆ ಒಪ್ಪಿ ಮನೆಗೆ ಹೋಗಿದ್ದರೆ ಅವತ್ತೇ ನನಗೆ ಹಾರ ಹಾಕುತ್ತಿದ್ದರು. ಆದರೆ ನಾಳೆ ಇನ್ನೊಂದು ಲಾರಿ ಬರುತ್ತಿತ್ತು, ಇನ್ನೂ ಬೇಗ, ಇನ್ನೂ ಕತ್ತಲಲ್ಲಿ.

“ಕೇಸ್ ಆಕಿ ಸಾರ್” ಎಂದೆ. “ಪಿಟ್ ತುಂಬ್ಸಿದ್ ಮನೆಯೋರ್ ಮೇಲೂ ಆಕಿ. ಜಾಗ ತೋರಿಸ್ದೆ ಇರೋರ್ ಮೇಲೂ ಆಕಿ. ಇವನೊಬ್ಬನ ಮೇಲೆ ಆದ್ರ ನಾವು ಬುಡಲ್ಲ.”

ಹಿಂದಿನಿಂದ ನಮ್ಮೂರ ಹುಡುಗರು, ಬೆಳಗ್ಗೆ ಅವನ ಕಾಲರ್ ಹಿಡಿದಿದ್ದವರೇ, “ಅದೇ ಸರಿ ಕಣಕ್ಕ, ಬುಡ್ಬ್ಯಾಡ” ಎಂದು ಕೂಗಿದರು.

ಲಾರಿ ಇಡೀ ದಿನ ಅಲ್ಲೇ ನಿಂತಿತು. ಸಂಜೆಯ ಹೊತ್ತಿಗೆ ಊರಾಚೆಯ ಹಳೇ ಕಸದ ಜಾಗದಲ್ಲಿ ಜೆಸಿಬಿ ತಂದು ಗುಂಡಿ ತೋಡಿಸಿದರು. ಈ ಒಂದು ಸಲಕ್ಕೆ ಮಾತ್ರ ಎಂದರು. ಡ್ರೈವರ್ ಲಾರಿ ಖಾಲಿ ಮಾಡಿ, ತೊಳೆದು, ಉಳಿದ ಲಾರಿಗಳವರನ್ನು ಕೂಡಿಸಿಕೊಂಡು ಮಾತಾಡಿದ. ಜಾಗ ತೋರಿಸುವ ತನಕ ಪಟ್ಟಣದಲ್ಲಿ ಯಾರ ಗುಂಡಿಯನ್ನೂ ಎಳೆಯುವುದಿಲ್ಲ ಎಂದು ಅವರೆಲ್ಲ ಸೇರಿ ತೀರ್ಮಾನಿಸಿದರು. ಅದನ್ನು ನಾವು ಹೇಳಿಕೊಟ್ಟದ್ದಲ್ಲ. ನಮಗೆ ತಿಳಿದದ್ದೂ ಆಮೇಲೆ.

ಮದುವೆಗಳ ಕಾಲ. ಪಟ್ಟಣದ ದೊಡ್ಡ ಛತ್ರವೊಂದರ ಗುಂಡಿ ಮುಹೂರ್ತದ ಹಿಂದಿನ ದಿನ ಉಕ್ಕಿತು. ಅಲ್ಲಿ ಮಗಳ ಮದುವೆ ಇಟ್ಟುಕೊಂಡಿದ್ದ ದೊಡ್ಡ ಮನುಷ್ಯರೊಬ್ಬರು ಎಲ್ಲ ಲಾರಿಯವರಿಗೂ ಫೋನ್ ಮಾಡಿ ಕೊನೆಗೆ ನನಗೇ ಮಾಡಿದರು. “ಅಮ್ಮಾ, ನೀವೇನೋ ಚಳವಳಿ ಮಾಡ್ತಿದ್ದೀರಂತೆ. ಒಂದ್ ದಿನ ಬಿಟ್ಟುಕೊಡಿ” ಎಂದರು. ಚಳವಳಿ! ಆ ಪದ ನನ್ನ ಬಗ್ಗೆ ಹೇಳಿದ್ದು ಅದೇ ಮೊದಲು. ಸೆರಗು ಸರಿಮಾಡಿಕೊಂಡೆ, ಫೋನಿನಲ್ಲಿ ಕಾಣುತ್ತದೋ ಎಂಬಂತೆ. “ಮದ್ವ ನಡೀಲಿ ಸಾರ್, ಹೆಣ್ಮಗಿನ ಮದ್ವ. ಲಾರಿಯವರ್ಗ ನಾನೇ ಯೋಳ್ತಿನಿ. ಆದ್ರ ಜಾಗ ಕೊಡ್ಸೋ ಜವಾಬ್ದಾರಿ ನಿಮ್ದು” ಎಂದೆ. ಲಾರಿ ಹೋಯಿತು, ಎಳೆದದ್ದನ್ನು ಹಳೇ ಕಸದ ಜಾಗದ ಗುಂಡಿಗೇ ಸುರಿದರು, ಮದುವೆ ನಡೆಯಿತು. ಅವರು ಮಾತು ಉಳಿಸಿಕೊಂಡರು. ಕೆಲವೇ ದಿನಗಳಲ್ಲಿ ಆ ಕಚೇರಿಯ ಜೀಪು ನಮ್ಮೂರಿಗೆ ಬಂತು.

ನನಗೆ ನಿಜವಾದ ಕಷ್ಟ ಶುರುವಾದದ್ದು ಆ ಜೀಪಿನಿಂದ. ಲಾರಿಗಳು ತಂದದ್ದನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಪ್ಲಾಂಟು ಕಟ್ಟುತ್ತಾರಂತೆ. ಅದಕ್ಕೆ ಜಾಗವನ್ನೂ ನೋಡಿದ್ದಾರಂತೆ. ಯಾವುದು? ನಮ್ಮೂರ ಗೋಮಾಳ. ಕೆರೆಯಿಂದ ಮೇಲಕ್ಕೆ, ಕುರುಚಲು ಗಿಡ ಬೆಳೆದು ಬಿದ್ದಿದ್ದ ಸರ್ಕಾರಿ ಜಮೀನು.

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವಳು ನಾನು ಎಂದು ಅವತ್ತೇ ಊರು ಮಾತಾಡಿತು. ಅಂಗಡಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅಧ್ಯಕ್ಷರಿಗಂತೂ ಬೆಂಕಿ ಬಿದ್ದಂತಾಗಿತ್ತು. ಆ ಗೋಮಾಳದ ಒಂದು ಅಂಚನ್ನು ಅವರ ದಾಯಾದಿಗಳು ಉಳುತ್ತಿದ್ದರು. ಜೀಪಿನಲ್ಲಿ ಬಂದವರಿಗೆ ಮೊದಲು ‘ಬ್ಯಾಡ’ ಎಂದವಳು ನಾನೇ. ಊರೇ ಬೇಡ ಎನ್ನುವಾಗ ಬೇಡ ಎನ್ನುವುದು ಬಹಳ ಸುಲಭ. ಆದರೆ ಮನೆಗೆ ಬಂದು ರೊಟ್ಟಿ ತಟ್ಟುತ್ತ ಕೂತಾಗ ನನ್ನ ‘ಬ್ಯಾಡ’ ನನಗೇ ರುಚಿಸಲಿಲ್ಲ. ಅವತ್ತು ಕೆರೆಯ ದಾರಿಯಲ್ಲಿ ಡ್ರೈವರ್ ಕೇಳಿದ್ದಕ್ಕೆ ನಾವು ಯಾರೂ ಉತ್ತರ ಕೊಟ್ಟಿರಲಿಲ್ಲ. ಈಗ ಉತ್ತರ ಬಂದಿದೆ, ನಮಗೆ ಬೇಕಾಗಿಲ್ಲ.

“ನೋಡ್ಬುಟ್ಟು ಬ್ಯಾಡ ಅನ್ನನ” ಎಂದು ನಾನು ಪಂಚಾಯಿತಿಯಲ್ಲಿ ಹೇಳಿದೆ. “ನೋಡ್ದೆ ಬ್ಯಾಡ ಅಂದ್ರ ನಾಳ ಯಾರಾದ್ರೂ ಕೇಳಿದ್ರ ಏನ್ ಯೋಳ್ತೀರಿ?” ಎಲ್ಲರೂ ಒಪ್ಪಿದರು. ಬೆಂಗಳೂರಿನ ಆಚೆ ಇಂಥದೇ ಪ್ಲಾಂಟು ನಡೆಯುತ್ತಿರುವ ಊರೊಂದಕ್ಕೆ ವ್ಯಾನು ಮಾಡಿಕೊಂಡು ಹೊರಟೆವು. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡಿದ್ದೆವು. ಅತ್ತೆ ಬಂದದ್ದು ಅದು ನಾರುತ್ತದೆ ಎಂದು ಸಾಧಿಸಲಿಕ್ಕೆ. ದಾರಿಯುದ್ದಕ್ಕೂ ಹಾಗೆಂದೇ ಹೇಳಿಕೊಂಡು ಬಂದರು.

ಅಲ್ಲಿ ಲಾರಿ ಬಂದು ಒಂದು ತೊಟ್ಟಿಗೆ ಸುರಿಯುತ್ತಿತ್ತು. ಅಲ್ಲಿ ವಾಸನೆ ಇತ್ತು, ಇಲ್ಲವೆನ್ನುವುದಿಲ್ಲ. ಅಲ್ಲಿಂದ ಮುಚ್ಚಿದ ಟ್ಯಾಂಕಿಗೆ, ಆಮೇಲೆ ಮರಳು ಜಲ್ಲಿ ಹಾಸಿದ ಅಗಲವಾದ ತೊಟ್ಟಿಗಳಿಗೆ. ಗಟ್ಟಿಯಾದದ್ದು ಮೇಲೆ ಒಣಗುತ್ತದೆ, ನೀರು ಕೆಳಗೆ ಇಳಿದು ಜೊಂಡು ಬೆಳೆಸಿದ ಹಾಸಿನೊಳಗೆ ಹಾದು ಕೊಳಕ್ಕೆ ಸೇರುತ್ತದೆ. ಆ ತುದಿಗೆ ಹೋಗುವಷ್ಟರಲ್ಲಿ ಮೂಗಿಗೆ ಹಿಡಿದಿದ್ದ ಸೆರಗು ಎಲ್ಲರದೂ ಯಾವಾಗಲೋ ಜಾರಿತ್ತು. ಕೊಳದ ಪಕ್ಕ ಬಾಳೆಗಿಡ. ಒಣಗಿದ್ದನ್ನು ಹಸಿ ಕಸದ ಜೊತೆ ಬೆರೆಸಿ ತಿಂಗಳುಗಟ್ಟಲೆ ಮಾಗಿಸಿ ಗುಡ್ಡೆ ಹಾಕಿದ್ದರು. ಅಲ್ಲಿ ಕೆಲಸ ಮಾಡುವವರು ಬೇಡ ಬೇಡ ಎನ್ನುತ್ತಿದ್ದರೂ ಅತ್ತೆ ಬಗ್ಗಿ ಒಂದು ಹಿಡಿ ತೆಗೆದುಕೊಂಡು, ಪುಡಿ ಮಾಡಿ ಮೂಸಿದರು.

“ಮಣ್ ವಾಸ್ನ ಕಣಮ್ಮಿ” ಎಂದರು. ಸೋತ ದನಿಯಲ್ಲೇ ಎಂದರು. ಆಮೇಲೆ ಗೇಟಿನ ಕಡೆ ತಿರುಗಿ ನೋಡಿ, “ಅದ್ರ ಬೀಗದ ಕೈ ಯಾರ್ ತಾವಿರ್ತದ?” ಎಂದು ಕೇಳಿದರು.

ಆಫೀಸಿನವರ ಹತ್ತಿರ ಎಂದು ಅಲ್ಲಿಯವರು ಹೇಳಿದರು. ಅತ್ತೆ ತಲೆಯಾಡಿಸಿದರು. ಅದೇ ಆವರಣದ ಬೇವಿನ ಮರದ ಕೆಳಗೆ ಕೂತು ನಾವು ಬುತ್ತಿ ಬಿಚ್ಚಿದೆವು. ಊಟ ಮಾಡಿದ ಮೇಲೆ ನೆನಪಾಯಿತು, ಎಲ್ಲಿ ಕೂತು ಉಂಡೆವು ಎಂದು. ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡು ಬಿದ್ದು ಬಿದ್ದು ನಕ್ಕೆವು.

ಗ್ರಾಮಸಭೆ ಸ್ಕೂಲಿನ ಬಯಲಿನಲ್ಲಿ ಸೇರಿತು. ಸಾಹೇಬರೂ ಬಂದಿದ್ದರು. ಅಧ್ಯಕ್ಷರು ಚೆನ್ನಾಗಿ ಮಾತಾಡಿದರು. ಮಾತು ಅವರಿಗೆ ಒಲಿದದ್ದು. “ಪ್ಯಾಟ ಜನ ತಿಂದದ್ದು ನಮ್ಮೂರ್ಗಾ? ನಾವೇನ್ ಅವರ ಒಲಸ ಒರೋಕ ಉಟ್ಟಿವ್ವಾ?” ಎಂದಾಗ ಚಪ್ಪಾಳೆ ಬಿತ್ತು. ಅಷ್ಟು ಚಪ್ಪಾಳೆ ಆದಮೇಲೆ ನಾನು ಎದ್ದು ನಿಲ್ಲಬೇಕಾಗಿತ್ತು.

“ಅಣ್ಣ, ಈಗ್ಲೂ ಇಲ್ಲಿಗೇ ಬತ್ತಿತ್ತಲ್ಲ?” ಎಂದೆ. “ಕದ್ದು ಬತ್ತಿತ್ತು. ಕದ್ದು ಬರೋದ್ಕ ನಾವ್ ಏನೂ ಕೇಳಕಾಗ್ನಿಲ್ಲ. ಈಗ ಬಾಗಲಲ್ಲಿ ಬತ್ತಿನಿ ಅಂತದ. ಬಾಗಲಲ್ಲಿ ಬರೋರ್ಗ ನಾವು ಶರತ್ತು ಆಕ್ಬೋದು. ಬ್ಯಾಡ ಅಂದ್ರ ಲಾರಿ ನಿಲ್ತದ ಅನ್ಕಂಡಿದ್ದೀರಾ? ಇನ್ನೊಂದೂರ ಕೆರಗ ಓಯ್ತದ. ಅವರೂ ಓಡಿಸ್ತರ. ತಿರ್ಗಾ ನಮ್ ಕೆರಗೇ ಬತ್ತದ.”

ಬಯಲಿನ ಹಿಂದೆ, ಕಾಂಪೌಂಡಿನ ಹೊರಗೆ ಆ ಡ್ರೈವರ್ ನಿಂತಿದ್ದ. ಅವನು ಬರುವುದು ನನಗೆ ಗೊತ್ತಿರಲಿಲ್ಲ. ಅವನಿಗೂ ಮಾತಾಡಲಿಕ್ಕೆ ಬಿಡಿ ಎಂದು ಯಾರೋ ಅಂದರು. ಅವನ್ಯಾಕೆ ಇಲ್ಲಿ ಎಂದು ಇನ್ಯಾರೋ ಅಂದರು. ಅತ್ತೆ ತಾವು ಕೂತಿದ್ದ ಕುರ್ಚಿಯಿಂದ ಎದ್ದರು. “ಬಾ ಮಗ ಮುಂದಕ್ಕ. ಕೂತ್ಕ ಮಾತಾಡು” ಎಂದರು. ಸಭೆಯಲ್ಲಿ ತಲೆಗಳೆಲ್ಲ ಅತ್ತ ತಿರುಗಿದವು. ಅವನು ಮುಂದಕ್ಕೆ ಬಂದ, ಆದರೆ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತು ಹೇಳಿದ. “ನಂದೇನೂ ಜಾಸ್ತಿ ಇಲ್ಲ ಅವ್ವ. ಅಗಲೊತ್ತು ಲಾರಿ ಓಡಿಸ್ಬೇಕು ಅಂತ ಆಸ. ಅಷ್ಟೇಯ.”

ಆಮೇಲೆ ನಾನು ಮಂಡಿಯ ಅಪ್ಪನ ಮಗಳಾದೆ, ಚೌಕಾಸಿಗೆ ಇಳಿದೆ. ಮೊದಲು ಕೆರೆಯ ಹೂಳು ತೆಗೆಸಬೇಕು, ಆಮೇಲೆ ಪ್ಲಾಂಟಿಗೆ ಕಲ್ಲು ಹಾಕಬೇಕು. ಲಾರಿಗಳು ಹಗಲೇ ಬರಬೇಕು. ಅಲ್ಲಿನ ಕೆಲಸ ನಮ್ಮೂರಿನವರಿಗೆ, ಗೊಬ್ಬರವೂ ಮೊದಲು ನಮ್ಮೂರಿಗೆ. ಸಾಹೇಬರು ಪ್ರತಿಯೊಂದಕ್ಕೂ ತಲೆಯಾಡಿಸುತ್ತ ಬಂದರು. ಕೊನೆಯದು ಅತ್ತೆಯದು: ಗೇಟಿನ ಬೀಗದ ಕೈ ನಮ್ಮ ಮಹಿಳಾ ಸಂಘದ ಹತ್ತಿರ ಇರಬೇಕು. ನಾತ ಬಂದರೆ ನಾವು ಮುಚ್ಚುತ್ತೇವೆ.

“ಅದಕ್ಕೆ ರೂಲ್ಸ್ ಇಲ್ಲಮ್ಮ” ಎಂದರು ಸಾಹೇಬರು.

“ರೂಲ್ಸ್ ಇಲ್ಲ ಅಂದ್ರ ಜಾಗಾನೂ ಇಲ್ಲ ಸಾರ್.”

ಅವರು ಹೊರಗೆ ಹೋಗಿ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದರು. ವಾಪಸ್ ಬಂದು, ಬೇಕಾದರೆ ಗೇಟಿಗೆ ಎರಡು ಬೀಗ ಹಾಕೋಣ, ಒಂದು ನಮ್ಮದು, ಒಂದು ನಿಮ್ಮದು, ಎರಡೂ ತೆರೆದರೆ ಮಾತ್ರ ಲಾರಿ ಒಳಗೆ ಎಂದರು. ಸಭೆಯಲ್ಲಿ ಕೈ ಎತ್ತಿಸಿದಾಗ ಮೊದಲು ಎದ್ದವು ಬಳೆ ತೊಟ್ಟ ಕೈಗಳು. ಆಮೇಲೆ ಹುಡುಗರದು. ನಮ್ಮ ಯಜಮಾನರು ಹಿಂದಿನ ಸಾಲಿನಲ್ಲಿ ಕೂತು ಎರಡೂ ಕೈ ಎತ್ತಿದ್ದರು. ಎರಡು ಕೈ ಲೆಕ್ಕಕ್ಕಿಲ್ಲ, ಒಂದು ಇಳಿಸಿ ಎಂದು ಎಣಿಸುವವರು ಗದರಿದ್ದಕ್ಕೆ ಊರೆಲ್ಲ ನಕ್ಕಿತು.

ಪ್ಲಾಂಟು ಕಟ್ಟುವುದು ಬೇಗ ಮುಗಿಯಲಿಲ್ಲ. ಅಲ್ಲಿಯವರೆಗೆ ಲಾರಿಗಳು ಹಳೇ ಕಸದ ಜಾಗದ ಗುಂಡಿಗಳಿಗೇ ಹೋದವು. ಕಾಂಟ್ರಾಕ್ಟರು ಒಮ್ಮೆ ಕೆಲಸ ಬಿಟ್ಟು ಹೋದ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಯಾರ ಹೆಸರು ಮೇಲಿರಬೇಕೆಂದು ಎರಡು ಪಾರ್ಟಿಯವರು ಜಗಳವಾಡಿ ಕಲ್ಲನ್ನೇ ಹಾಕಲಿಲ್ಲ. ಇವತ್ತಿಗೂ ಅಲ್ಲಿ ಯಾರ ಹೆಸರೂ ಇಲ್ಲ. ನನಗೆ ಅದು ಬಹಳ ಇಷ್ಟ. ಆದರೆ ಕೆರೆಯ ಹೂಳು ಮಾತ್ರ ಮೊದಲೇ ತೆಗೆದರು. ಆ ಕಪ್ಪು ಮಣ್ಣು ಟ್ರ್ಯಾಕ್ಟರುಗಳಲ್ಲಿ ಹೋಗುವುದನ್ನು ನೋಡಲು ಹೆಂಗಸರು ಏರಿಯ ಮೇಲೆ ಸಾಲಾಗಿ ಕೂತಿದ್ದರು, ನಾಟಕ ನೋಡಲು ಬಂದವರಂತೆ.

ಬೀಗಕ್ಕೆ ಕೆಲಸ ಬಂದದ್ದು ಪ್ಲಾಂಟು ಶುರುವಾದ ಮೊದಲ ಬೇಸಿಗೆಯಲ್ಲಿ. ಒಂದು ಮಧ್ಯಾಹ್ನ ಹಳೆಯ ನಾತ ಊರೊಳಕ್ಕೆ ಬಂತು. ನಾವು ಓಡಿದೆವು. ಜಲ್ಲಿ ಹಾಸು ಕಟ್ಟಿಕೊಂಡು ನೀರು ಕೆಳಗಿಳಿಯದೆ, ಅಂಚು ದಾಟಿ ಕೆರೆಯ ಕಾಲುವೆಯ ಕಡೆ ಹರಿಯುತ್ತಿತ್ತು. ಹುಡುಗರು ಮಣ್ಣು ಹಾಕಿ ಅದಕ್ಕೆ ಕಟ್ಟೆ ಕಟ್ಟಿದರು. ನಾವು ಗೇಟು ಎಳೆದು ನಮ್ಮ ಬೀಗ ಜಡಿದೆವು. 

ಹೊರಗೆ ತುಂಬಿದ ಲಾರಿಗಳು ಬಂದು ನಿಂತವು. ಮುಂದಿನದೇ ನಮ್ಮ ಡ್ರೈವರದು. ಅವನಿಗೆ ನಷ್ಟ, ಬಿಸಿಲು ಬೇರೆ. ಅವನು ಇಳಿದು ಬಂದು ಕಾಲುವೆಯ ಕಡೆ ಹೋಗಿ ನೋಡಿದ. ವಾಪಸ್ ಬಂದು ಎಂಜಿನ್ ಆರಿಸಿದ. ಹಿಂದಿನ ಲಾರಿಯವರು ಹಾರ್ನ್ ಹೊಡೆದರೆ ಅವರಿಗೇ ಗದರಿದ. “ಬೀಗ ಆಕಿರದು ಸರಿಯಾಗದ. ಸುಮ್ನ ಕೂತ್ಕಳ್ರಲಾ.”

ಸಾಹೇಬರ ಫೋನ್ ಬಂತು. “ಬೀಗ ತೆಗೀರಿ, ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಕೇಸಾಗುತ್ತೆ.”

“ಬನ್ನಿ ಸಾರ್, ಬಂದು ನೋಡಿ. ಆಮೇಲ ಮಾತಾಡನ” ಎಂದು ನಾನು ಫೋನ್ ಇಟ್ಟೆ.

ಅವರು ಬಂದರು, ಎಂಜಿನಿಯರನ್ನು ಕರೆದುಕೊಂಡೇ ಬಂದರು. ಹರಿದದ್ದನ್ನು ಕಣ್ಣಾರೆ ನೋಡಿದ ಮೇಲೆ ಕೇಸಿನ ಮಾತು ಎತ್ತಲಿಲ್ಲ. ಅವತ್ತೇ ಜಲ್ಲಿ ಕೀಳಿಸಿ ತೊಳೆಸಿದರು. ಕೆಲಸ ಮುಗಿಯುವ ತನಕ ಹೆಂಗಸರು ಗೇಟಿನ ಮುಂದೆ ಕೂತೇ ಇದ್ದೆವು. ಅತ್ತೆ ತಮ್ಮ ಸೊಂಟದಿಂದ ಬೀಗದ ಕೈ ತೆಗೆದು, ಸಾಹೇಬರ ಕೈಗೆ ಕೊಡದೆ, ತಾವೇ ಹೋಗಿ ಬೀಗ ತೆರೆದರು. ಗೇಟು ಸರಿದಾಗ ಲಾರಿಗಳ ಹಾರ್ನ್ ಎಲ್ಲ ಒಟ್ಟಿಗೆ ಮೊಳಗಿದವು. ಸಾಹೇಬರೂ ನಕ್ಕುಬಿಟ್ಟರು. ಅಂದಿನಿಂದ ಜಲ್ಲಿ ಹಾಸು ತಪ್ಪದೆ ಶುದ್ಧವಾಗುತ್ತದೆ, ಯಾರೂ ಫೋನ್ ಮಾಡಬೇಕಾಗಿಲ್ಲ.

ಗೊಬ್ಬರ ಸಿದ್ಧವಾದಾಗ ಮೊದಲು ಮನೆಗೆ ಬಂದವರು ಯಾರು ಎಂದರೆ ಯಾರೂ ನಂಬುವುದಿಲ್ಲ. ಅಧ್ಯಕ್ಷರು. ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಕೊನೆಗೆ “ಚೆಂಡುಹೂವಿಗ ಎರಡು ಲೋಡ್ ಬೇಕಾಗಿತ್ತಲ್ಲ ಮೆಂಬ್ರಮ್ಮ” ಎಂದರು. ಸೊಪ್ಪು ತರಕಾರಿಗೆ ಹಾಕಬಾರದು, ಹೂವಿಗೂ ಮರಗಳಿಗೂ ಹಾಕಬಹುದು ಎಂದು ಅವರಿಗೇ ನಾನು ತಿಳಿಸಿ ಹೇಳಿ ಕಳಿಸಿದೆ. ಒಳಗೆ ಬಂದು ನೋಡಿದರೆ ನಮ್ಮ ಯಜಮಾನರು ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದರು.

ಕೆರೆ ತಾನೇ ತಾನಾಗಿ ಗುಣವಾಗಲಿಲ್ಲ. ಒಂದು ಮಳೆಗಾಲಕ್ಕೆ ನೀರು ಬಂದರೂ ತಿಳಿಯಾಗಲಿಲ್ಲ. ಮುಂದಿನ ಮಳೆ ಚೆನ್ನಾಗಿ ಆಯಿತು, ಕೋಡಿ ಬಿತ್ತು. ಆಮೇಲೆ ನೀರಿನೊಳಗೆ ಕಲ್ಲು ಕಾಣತೊಡಗಿತು. ನೀರುಕೋಳಿಗಳು ಬಂದವು. ಬಟ್ಟೆ ಒಗೆಯುವ ಸದ್ದು ಮತ್ತೆ ಶುರುವಾಯಿತು. ಮನೆಯಲ್ಲಿ ವಾಷಿಂಗ್ ಮೆಷಿನ್ ಇರುವವರೂ ಒಂದೆರಡು ಬಟ್ಟೆ ಹಿಡಿದುಕೊಂಡು ಸುಮ್ಮನೆ ಹೋಗುತ್ತಿದ್ದರು. ಪಂಚಾಯಿತಿ ಧೈರ್ಯ ಮಾಡಿ ಮೀನು ಮರಿ ಬಿಡಿಸಿತು.

ಕಳೆದ ಬೇಸಿಗೆಯಲ್ಲಿ ಬಲೆ ಹಾಕಿದರು. ಸುತ್ತ ಮುತ್ತಲ ಊರಿನವರೆಲ್ಲ ಏರಿಯ ಮೇಲೆ. ಪಾತ್ರೆ, ಚೀಲ, ತಕ್ಕಡಿ, ಮಕ್ಕಳ ಕಿರುಚಾಟ. ನಮ್ಮ ಮನೆಯಲ್ಲಿ ಮೀನು ಮುಟ್ಟುವವರಿಲ್ಲ, ಅತ್ತೆಯಂತೂ ಆ ಕಡೆಗೇ ಹಾಯುವುದಿಲ್ಲ. ನಾನು ಮಾತ್ರ ಅವತ್ತು ಹೋಗಿ ನಿಂತಿದ್ದೆ. ಬಲೆ ದಡಕ್ಕೆ ಬಂದಾಗ ನೀರೇ ಬೆಳ್ಳಿಯಾಗಿ ಕುದಿಯುತ್ತಿರುವ ಹಾಗಿತ್ತು. ಜನ ಶಿಳ್ಳೆ ಹೊಡೆದರು.

ಆ ಡ್ರೈವರ್ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಲಾರಿಯಲ್ಲೇ ಕೂರಿಸಿಕೊಂಡು ಬಂದಿದ್ದ. ಈಗ ಅವರಿಗೆ ಎಲ್ಲ ಗೊತ್ತು. ದೊಡ್ಡವಳು ಪ್ಲಾಂಟಿನ ಒಳಗೆಲ್ಲ ತಿರುಗಾಡಿ ನೋಡಿಕೊಂಡೇ ಬಂದಿದ್ದಳು. ಅವನು ಎಲ್ಲಕ್ಕಿಂತ ದೊಡ್ಡ ಮೀನು ಆರಿಸಿ, ಎರಡೂ ಕೈಯಲ್ಲಿ ಎತ್ತಿಕೊಂಡು ನನ್ನ ಹತ್ತಿರ ಬಂದ. ಅದು ಇನ್ನೂ ಬಾಲ ಬಡಿಯುತ್ತಿತ್ತು. ಅವನ ಶರ್ಟೆಲ್ಲ ಒದ್ದೆ.

“ಅಕ್ಕಾ, ನೀವು ತಿನ್ನಕಿಲ್ಲ. ಒಸಿ ಮುಟ್ಟಾದ್ರೂ ನೋಡಿ.”

ಒಂದು ಬೆರಳಿನಿಂದ ಮುಟ್ಟಿದೆ. ತಣ್ಣಗಿತ್ತು, ಗಟ್ಟಿಯಾಗಿತ್ತು. ಅದು ಪಟ್ಟನೆ ಬಾಲ ಬೀಸಿ ನನ್ನ ಮುಖಕ್ಕೆ ಕೆರೆಯ ನೀರು ಎರಚಿತು. ನಾನು ಕಿರುಚಿ ಹಿಂದಕ್ಕೆ ಹಾರಿದೆ. ಆ ಹೆಣ್ಣುಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಸೆರಗಿನಿಂದ ಮುಖ ಒರೆಸಿಕೊಳ್ಳಲಿಲ್ಲ, ನೀರು ಹಾಗೆಯೇ ಒಣಗಲಿ ಎಂದು ಬಿಸಿಲಿಗೆ ಮುಖವೊಡ್ಡಿ ನಿಂತೆ.